ಬ್ರೆಡ್ಡಿಗೆ ಫಿನಾಯಿಲ್ ಪ್ರೋಕ್ಷಣೆ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ದೊಡ್ಡ ಮಳಿಗೆಯೊಂದರ ಹಿಂಬಾಗಿಲಲ್ಲಿ ರಾತ್ರಿ ಹತ್ತರ ಹೊತ್ತಿಗೆ ನಡೆಯುವ ವಿಧಿಯನ್ನು ಆಸ್ತಿಕರು ಒಮ್ಮೆಯಾದರೂ ನೋಡಬೇಕು. ಮಾರಾಟವಾಗದೆ ಉಳಿದ ಬ್ರೆಡ್ಡು, ಬನ್ನು, ಮೊಸರಿನ ಪೊಟ್ಟಣಗಳನ್ನು ಸಿಬ್ಬಂದಿ ಸಾಲಾಗಿ ಜೋಡಿಸಿ, ಒಂದೊಂದನ್ನೂ ಕತ್ತರಿಯಿಂದ ಸೀಳಿ, ಮೇಲೆ ಫಿನಾಯಿಲ್ ಪ್ರೋಕ್ಷಣೆ ಮಾಡಿ, ಆ ಬಳಿಕವಷ್ಟೇ ಕಸದ ತೊಟ್ಟಿಗೆ ಸಮರ್ಪಿಸುತ್ತಾರೆ. ಸುಮ್ಮನೆ ಎಸೆದರೆ ಯಾರಾದರೂ ಹಸಿದವರು ಎತ್ತಿಕೊಂಡು ತಿಂದುಬಿಟ್ಟಾರು. ಆಹಾರಕ್ಕೆ ಅದಕ್ಕಿಂತ ದೊಡ್ಡ ಅಪಚಾರ ಇನ್ನೇನಿದ್ದೀತು?

ಕಾರಣ ಕೇಳಿದರೆ ವ್ಯವಸ್ಥಾಪಕರು ವಿನಯದಿಂದಲೇ ಉತ್ತರಿಸುತ್ತಾರೆ: “ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಹೊಣೆ ಯಾರು ಸಾರ್?” ಹೊಟ್ಟೆ ಖಾಲಿ ಇದ್ದರೆ ಹೊಣೆ ಯಾರದೆಂಬುದು ಅವರ ವಿಭಾಗಕ್ಕೆ ಬರುವುದಿಲ್ಲ. ಒಂಬತ್ತು ಗಂಟೆಗೆ ದುಡ್ಡು ತೆತ್ತು ಕೊಂಡವನಿಗೆ ಹಿತವಾದ ಬ್ರೆಡ್ಡು ಹತ್ತು ಗಂಟೆಗೆ ಬಿಟ್ಟಿ ಪಡೆದವನಿಗೆ ವಿಷವಾಗುವುದಾದರೆ, ಆರೋಗ್ಯವೆಲ್ಲ ಬಿಲ್ಲಿನಲ್ಲೇ ಅಡಗಿದೆಯೆಂದು ತಿಳಿಯಬೇಕು.

ಕಾನೂನು ಅಡ್ಡ ಬರುತ್ತದೆಂದೂ ಅವರು ಸೇರಿಸುತ್ತಾರೆ. ಉಳಿದ ಆಹಾರವನ್ನು ಸಂಗ್ರಹಿಸಿ ಹಂಚುವುದು ಹೇಗೆಂಬ ನಿಯಮಾವಳಿಯನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲಿಯೇ ಹೊರಡಿಸಿದೆ. ಆದರೆ ಕೊಡುವವರು ಹೇಗೆ ಕೊಡಬೇಕೆಂದು ಹೇಳಿದ ಆ ನಿಯಮಗಳು, ಕೊಡದವರನ್ನು ಏನು ಮಾಡಬೇಕೆಂದು ಹೇಳದಷ್ಟು ಸಜ್ಜನಿಕೆ ತೋರಿವೆ. ಫ್ರಾನ್ಸಿನವರಿಗೆ ಅಷ್ಟು ದಾಕ್ಷಿಣ್ಯವಿರಲಿಲ್ಲ. 400 ಚದರ ಮೀಟರಿಗಿಂತ ದೊಡ್ಡ ಮಳಿಗೆಗಳು ತಿನ್ನಲು ಯೋಗ್ಯವಾದ ಆಹಾರವನ್ನು ಬೇಕೆಂದೇ ಹಾಳುಗೆಡವಬಾರದು, ದತ್ತಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು ದಾನ ಕೊಡಬೇಕು ಎಂದು ಅವರು 2016ರಲ್ಲಿ ಕಾಯ್ದೆ ಮಾಡಿದರು. ಅಲ್ಲಿ ಅದಕ್ಕೆ ಮೊದಲು ಕೆಲವು ಮಳಿಗೆಗಳು ಬ್ಲೀಚ್ ಸುರಿಯುತ್ತಿದ್ದುವಂತೆ. ನಮ್ಮವರು ಫಿನಾಯಿಲ್ ಬಳಸಿ ಸ್ವದೇಶಿ ಅಭಿಮಾನ ಮೆರೆದಿದ್ದಾರೆ.

ಇದೆಲ್ಲ ನಡೆಯುತ್ತಿರುವುದು ಸಿದ್ಧಗಂಗೆಯ ಊರಿನಲ್ಲಿ. ಕ್ಯಾತ್ಸಂದ್ರದ ಕಡೆಗೆ ಹೋದರೆ ಸಾವಿರಾರು ಮಕ್ಕಳಿಗೆ ಜಾತಿ, ಊರು ಕೇಳದೆ ನಿತ್ಯ ದಾಸೋಹ ಮಾಡುವ ಮಠವಿದೆ. ಅದು ಮಳಿಗೆಯವರಿಗೆ ಗೊತ್ತಿಲ್ಲವೆಂದಲ್ಲ. ಬಿಲ್ ಹಾಕುವ ಕೌಂಟರಿನ ಮೇಲೆಯೇ ಶಿವಕುಮಾರ ಸ್ವಾಮೀಜಿಯವರ ಭಾವಚಿತ್ರವಿದ್ದು, ಅದಕ್ಕೆ ನಿತ್ಯ ಹೊಸ ಹೂವು ಬೀಳುತ್ತದೆ (ಬಾಡಿದ ಹೂವನ್ನಾದರೂ ಕತ್ತರಿಸದೆ ಎಸೆಯುತ್ತಾರೆಂದು ಕೇಳಿದ್ದೇನೆ).

ಅಕ್ಟೋಬರ್ 16ರ ವಿಶ್ವ ಆಹಾರ ದಿನದಂದು ಮಳಿಗೆಯ ಮುಂದೆ ‘ಅನ್ನ ದೇವರ ಮುಂದೆ ಇನ್ನು ದೇವರುಂಟೆ’ ಎಂಬ ಬ್ಯಾನರ್ ಕಟ್ಟಿ, ಗಣ್ಯರಿಗೆ ಶಾಲು ಹೊದಿಸಲಾಯಿತು. ವರ್ಷದ ಲೆಕ್ಕದಲ್ಲಿ ಸೀಳಿದ ಬ್ರೆಡ್ಡು ‘ನಷ್ಟ’ದ ಖಾತೆಗೂ, ಫಿನಾಯಿಲ್ ‘ಸ್ವಚ್ಛತೆ’ಯ ಖಾತೆಗೂ, ಬ್ಯಾನರು ಶಾಲುಗಳು ‘ಸಾಮಾಜಿಕ ಹೊಣೆಗಾರಿಕೆ’ಯ ಖಾತೆಗೂ ಸೇರುತ್ತವೆ.