5 ಲಕ್ಷ ಎಕರೆಗೆ 6 ಅಂಗಿ

ಒಂದು 30-40 ಸೈಟು ತಗೊಳ್ಳೋಕೆ ನಾವು ಎಷ್ಟು ಒದ್ದಾಡುತ್ತೇವೆ! ಇಸಿ ತೆಗೆಸು, ಮೂಲಪತ್ರ ಕೇಳು, ವಕೀಲರಿಗೆ ತೋರಿಸು. ಜಾನ್ ಬ್ಯಾಟ್‌ಮನ್ ಎಂಬ ಪುಣ್ಯಾತ್ಮನಿಗೆ ಈ ಯಾವ ತಾಪತ್ರಯವೂ ಇರಲಿಲ್ಲ. ಬಾವಲಿ ವೇಷದವನಲ್ಲ, ಈತ ಕುರಿ ಸಾಕುವವನು. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಹುಲ್ಲುಗಾವಲು ಸಾಲದೆ ಸಮುದ್ರ ದಾಟಿ ಬಂದ. 1835ರ ಜೂನ್ 6ರಂದು, ಈಗ ಮೆಲ್ಬರ್ನ್ ಇರುವ ಕಡೆ, ಹಳ್ಳದ ದಂಡೆಯಲ್ಲಿ ನಿಂತು ಅಲ್ಲಿಯ ಮೂಲನಿವಾಸಿಗಳಿಂದ 5 ಲಕ್ಷ ಎಕರೆ ಬರೆಸಿಕೊಂಡ. ಅದೇ ಭರದಲ್ಲಿ ಗೀಲಾಂಗ್ ಕಡೆ ಇನ್ನೊಂದು ಲಕ್ಷ.

ಪತ್ರವನ್ನು ಊರಿನಲ್ಲೇ ರೆಡಿ ಮಾಡಿಸಿಕೊಂಡು ಬಂದಿದ್ದ. ಬರೆದುಕೊಟ್ಟವನು ಜೆಲಿಬ್ರಾಂಡ್, ಮಾಜಿ ಅಟಾರ್ನಿ ಜನರಲ್, ಈ ಧಂದೆಯಲ್ಲಿ ಪಾಲುದಾರ ಕೂಡ. ಹಾಗಾಗಿ ಕಾನೂನಿನ ಭಾಷೆಯಲ್ಲಿ ಒಂದು ಅಲ್ಪವಿರಾಮವೂ ತಪ್ಪಿಲ್ಲ. ಕ್ರಯದ ಬಾಬ್ತು ನೋಡಿ: 20 ಜೊತೆ ಕಂಬಳಿ, 30 ಕೈಗೊಡಲಿ, 100 ಚಾಕು, 50 ಕತ್ತರಿ, 30 ಕನ್ನಡಿ, 200 ಕರ್ಚೀಫು, 100 ಪೌಂಡ್ ಹಿಟ್ಟು, 6 ಅಂಗಿ. ಸಹಿ ಹಾಕಿದ ಮುಖಂಡರು 8 ಜನ. ಇನ್ನಿಬ್ಬರು ಕರ್ಚೀಫಿನಲ್ಲೇ ಸುಧಾರಿಸಿಕೊಂಡಿರಬೇಕು.

ಮಾರಿದವರ ಹೆಸರುಗಳೂ ಸ್ವಾರಸ್ಯವಾಗಿವೆ. ಜಗಜಗ, ಜಗಜಗ, ಜಗಜಗ. ಮೂವರು ಅಣ್ಣತಮ್ಮಂದಿರಂತೆ, ಮೂವರದ್ದೂ ಒಂದೇ ಹೆಸರಂತೆ. ಕನ್ನಡದವರಾದ ನಮಗೆ ಪತ್ರವೇ ಕಣ್ಣೆದುರು ಜಗಜಗ ಅನ್ನುತ್ತದೆ. ಇನ್ನು ಸಹಿ ಅಂತ ಇರುವ ಗೀಟುಗಳನ್ನು ಬ್ಯಾಟ್‌ಮನ್ ಕಡೆಯವರೇ ಗೀಚಿದ್ದಿರಬೇಕು ಅಂತ ಇತಿಹಾಸಕಾರರಿಗೆ ಅನುಮಾನ ಇದೆ. ಶಾಸ್ತ್ರಕ್ಕೆ ಒಂದು ಹಿಡಿ ಮಣ್ಣನ್ನೂ ಕೈಗೆ ಕೊಡಿಸಿಕೊಂಡ. ಚಕ್ಕುಬಂದಿ? ಇಲ್ಲಿಂದ ಈಶಾನ್ಯಕ್ಕೆ 40 ಮೈಲಿ, ಅಲ್ಲಿಂದ ಪಶ್ಚಿಮಕ್ಕೆ 40 ಮೈಲಿ. ಯಾರು ನಡೆದು ನೋಡಿದರು ಅಂತ ಕೇಳಬೇಡಿ.

ಮಾತು ಹೇಗೆ ನಡೆಯಿತು ಅನ್ನೋದೇ ದೊಡ್ಡ ಸೋಜಿಗ. ಬ್ಯಾಟ್‌ಮನ್ ಜೊತೆ ಇದ್ದ ಮೂಲನಿವಾಸಿಗಳು ಸಿಡ್ನಿ ಕಡೆಯವರು. ಇಲ್ಲಿಯ ವುರುಂಡ್ಜೆರಿ ಜನರ ಮಾತು ಅವರಿಗೆ ಬಾರದು. ಆ ಜನರಲ್ಲಿ ತಂಡೆರಂ ಅಂತ ಒಂದು ಪದ್ಧತಿ ಇದೆ: ಹೊರಗಿನಿಂದ ಬಂದವರಿಗೆ ನಮ್ಮ ನೆಲದಲ್ಲಿ ಸ್ವಲ್ಪ ದಿನ ಇದ್ದು ಹೋಗಿ ಅಂತ ಅನುಮತಿ ಕೊಡುವುದು. ಬಹುಶಃ ಅವರು ಮಾಡಿದ್ದು ಅದನ್ನೇ. ಊಟಕ್ಕೆ ಕರೆದರೆ ಮನೆಯನ್ನೇ ಬರೆಸಿಕೊಂಡ ಹಾಗಾಯಿತು, ಅಲ್ವಾ? ಬ್ಯಾಟ್‌ಮನ್ ಕಂಪನಿಯ ಸರ್ವೆಯರ್ ವೆಜ್, ನೀರು ಬೀಳುವ ಜಾಗಕ್ಕೆ ಅವರು ಹೇಳಿದ ಮಾತನ್ನು ನದಿಯ ಹೆಸರು ಅಂದುಕೊಂಡು 'ಯಾರಾ' ಅಂತ ಬರೆದುಕೊಂಡ. ಆ ನದಿಗೆ ಬಿರರಂಗ್ ಅಂತ ಮೊದಲೇ ಹೆಸರಿತ್ತು. ನದಿಯ ಹೆಸರನ್ನೂ ನೆಟ್ಟಗೆ ಕೇಳಿಸಿಕೊಳ್ಳದವರು 5 ಲಕ್ಷ ಎಕರೆಯ ಕ್ರಯಪತ್ರವನ್ನು ಓದಿ ಹೇಳಿ ಒಪ್ಪಿಸಿದರಂತೆ.

ಅಷ್ಟರಲ್ಲಿ ಫಾಕ್ನರ್ ಎಂಬ ಇನ್ನೊಬ್ಬನ ಹಡಗಿನವರು ಬಂದು ನದಿ ದಂಡೆಯಲ್ಲಿ ಗುಡಿಸಲು ಹಾಕಿದರು. ಬ್ಯಾಟ್‌ಮನ್ ಕಡೆಯವರಿಗೆ ಸಿಟ್ಟು ನೆತ್ತಿಗೇರಿತು. ಇದು ನಮ್ಮ ಜಾಗ, ಒತ್ತುವರಿ ಮಾಡಿದ್ದೀರಿ ಅಂತ ಜಗಳ! ನಗರ ಕಟ್ಟಿದ್ದು ಯಾರು ಅನ್ನೋ ಈ ದಾಯಾದಿ ವ್ಯಾಜ್ಯ ಮುಗಿಯಲೇ ಇಲ್ಲ.

ಸಿಡ್ನಿಯಲ್ಲಿದ್ದ ಗವರ್ನರ್ ಬೋರ್ಕ್ ಅದೇ ವರ್ಷ ಆಗಸ್ಟ್‌ನಲ್ಲಿ ಇಡೀ ಒಪ್ಪಂದವನ್ನೇ ರದ್ದು ಮಾಡಿದ. ಅಬ್ಬಾ, ನ್ಯಾಯ ಸಿಕ್ಕಿತು ಅಂದುಕೊಳ್ಳಬೇಡಿ. ಮಾರಿದವರಿಗೆ ಮೋಸ ಆಗಿದೆ ಅಂತ ರದ್ದಾಗಿದ್ದಲ್ಲ. ಮಾರೋಕೆ ಜಾಗ ಅವರದ್ದಾಗಿರಲೇ ಇಲ್ಲ, ಅದು ಲಂಡನ್ನಿನ ದೊರೆಯ ಖಾಲಿ ಜಮೀನು ಅಂತ. ದೊರೆ ಅಲ್ಲಿಗೆ ಒಂದು ದಿನವೂ ಬಂದಿರಲಿಲ್ಲ. ಪತ್ರದ ಪ್ರಕಾರ ವರ್ಷ ವರ್ಷ 100 ಜೊತೆ ಕಂಬಳಿ, 5 ಟನ್ ಹಿಟ್ಟು ಕೊಡಬೇಕಿತ್ತು. ಪತ್ರದ ಜೊತೆ ಅದೂ ಹೋಯಿತು. ಪಾಪ, ಬ್ಯಾಟ್‌ಮನ್ ಕಂಪನಿಗೆ ನಷ್ಟ ಆಯಿತಲ್ಲ ಅಂತ ಆಮೇಲೆ ಜಮೀನು ಕೊಳ್ಳುವಾಗ 7,000 ಪೌಂಡ್ ರಿಯಾಯಿತಿ ಸಿಕ್ಕಿತು. ವುರುಂಡ್ಜೆರಿಗಳಿಗೆ ಏನು ಸಿಕ್ಕಿತು ಅಂತ ಕೇಳಿದಿರಾ? ಸುಮ್ನೆ ಮುಂದೆ ಓದಿ.

1837ರ ಜೂನ್ 1ರಂದು ಮೆಲ್ಬರ್ನಿನ ಮೊದಲ ಸೈಟು ಹರಾಜು. ಅಳತೆ ಮಾಡಿದ್ದು ಸರ್ವೆಯರ್ ಹಾಡಲ್. ಹರಾಜು ಕೂಗಿದ್ದೂ ಹಾಡಲ್. ಕಮಿಷನ್ ತಗೊಂಡಿದ್ದೂ ಹಾಡಲ್. ಎರಡು ಸೈಟು ಕೊಂಡಿದ್ದೂ, ಊಹಿಸಿದಿರಿ, ಹಾಡಲ್.

1881ರಲ್ಲಿ ಬ್ಯಾಟ್‌ಮನ್‌ಗೆ ಒಂದು ಸ್ಮಾರಕದ ಕಂಬ ನಿಲ್ಲಿಸಿದರು. ಮುಂದೆ ಅದು ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಪಕ್ಕಕ್ಕೆ ಬಂತು, ಟೊಮೇಟೊ, ಸೊಪ್ಪು ಕೊಳ್ಳುವವರು ಕಾರು ನಿಲ್ಲಿಸುವ ಕಡೆ. ಮೆಲ್ಬರ್ನ್ ಜಾಗದಲ್ಲಿ ಈತ ವಸಾಹತು ಕಟ್ಟಿದಾಗ ಅಲ್ಲಿ ಯಾರೂ ವಾಸವಿರಲಿಲ್ಲ ಅಂತ ಕಲ್ಲಿನಲ್ಲಿ ಕೊರೆದಿದ್ದರು. ಹಾಗಾದರೆ ಆ 6 ಅಂಗಿ ತೊಟ್ಟವರು ಯಾರು? ನೂರು ವರ್ಷ ದಾಟಿದ ಮೇಲೆ ಯಾರಿಗೋ ಇದು ಹೊಳೆಯಿತು. ಇಲ್ಲಿ ಮೂಲನಿವಾಸಿಗಳು ಇದ್ದರು, ನೆಲವನ್ನು ಬಳಸುತ್ತಿದ್ದರು ಅಂತ ಇನ್ನೊಂದು ಫಲಕ ಹಾಕಿದರು. ಹಳೇ ಬರಹವನ್ನು ಹಾಗೇ ಬಿಟ್ಟರು.

ಅಂತೂ ತಿದ್ದುಪಡಿ ಪತ್ರ ಆಯಿತು. ಖಾತೆ ಮಾತ್ರ ಬದಲಾಗಲಿಲ್ಲ.