ಸ್ಪಷ್ಟನೆ: ಸಿಡಿಎ ಫೈಲ್ ಕಾಪಿ ಮಾಡಿದರೆ ಹಾಡು ಉಳಿಯೋದಿಲ್ಲ

‘ಸಿಡಿಯಲ್ಲಿರೋ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ಆಮೇಲೆ ಸಿಡಿಗಳನ್ನು ಗುಜರಿಗೆ ಹಾಕಿ’ ಎಂಬ ಮೆಸೇಜು ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಆಡಿಯೊ ಸಿಡಿಗಳ ಮಟ್ಟಿಗೆ ಇದು ತಪ್ಪು. ಸಿಡಿ ಎಸೆಯಬೇಡಿ.

ವಿಂಡೋಸ್‌ನಲ್ಲಿ ಆಡಿಯೊ ಸಿಡಿ ತೆರೆದರೆ ‘ಟ್ರ್ಯಾಕ್01.ಸಿಡಿಎ’ ಅಂತ ಕಾಣುತ್ತದೆ. ಪ್ರಾಪರ್ಟೀಸ್‌ನಲ್ಲಿ ಅದರ ಗಾತ್ರ ನೋಡಿ. ಬರೀ 44 ಬೈಟ್! ಅದರೊಳಗೆ ಹಾಡಿಲ್ಲ. ಹಾಡು ಸಿಡಿಯ ಯಾವ ಜಾಗದಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಅನ್ನೋ ಗುರುತು ಮಾತ್ರ ಇದೆ. ಸಿಡಿ ಡ್ರೈವಿನಲ್ಲೇ ಇದ್ದರೆ ಹಾಡು ಕೇಳಬಹುದು, ಅದಕ್ಕೇ ಜನ ನಂಬಿಬಿಡುತ್ತಾರೆ. ಸಿಡಿ ತೆಗೆದ ಮೇಲೆ ಅದೇ ಫೈಲ್ ಒತ್ತಿ ನೋಡಿ, ಸದ್ದೇ ಬರುವುದಿಲ್ಲ. ನಿಜವಾದ ಹಾಡಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ), ಒಂದೊಂದೂ 16 ಬಿಟ್ (ಅಂದರೆ 2 ಬೈಟ್), ಎರಡು ಚಾನೆಲ್ (ಎಡ, ಬಲ). ಬೇಕಾದರೆ ನೀವೇ ಗುಣಿಸಿ.

ಸರಿಯಾದ ದಾರಿ ‘ರಿಪ್’ ಮಾಡುವುದು, ಅಂದರೆ ಸಿಡಿಯಲ್ಲಿರೋ ಸದ್ದನ್ನೇ ಓದಿ ಕಂಪ್ಯೂಟರಿನಲ್ಲಿ ಹಾಡಿನ ಫೈಲ್ ಮಾಡಿಕೊಳ್ಳುವುದು. ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲೇ ಅದಕ್ಕೆ ಬಟನ್ ಇದೆ. ಗೀರು ಬಿದ್ದ ಸಿಡಿಗೆ ‘ಎಕ್ಸಾಕ್ಟ್ ಆಡಿಯೊ ಕಾಪಿ’ ಅನ್ನೋ ಸಾಫ್ಟ್‌ವೇರ್ ಒಳ್ಳೇದು, ನಿಧಾನ ಜಾಸ್ತಿ ಅಷ್ಟೇ. ಫ್ಲ್ಯಾಕ್ (FLAC) ಅನ್ನೋ ಫೈಲ್ ರೂಪದಲ್ಲಿ ಉಳಿಸಿದರೆ ಗುಣಮಟ್ಟ ಒಂಚೂರೂ ಹೋಗುವುದಿಲ್ಲ, ಜಾಗವೂ ಹೆಚ್ಚುಕಡಿಮೆ ಅರ್ಧ ಸಾಕು. ನಮ್ಮ ಕಡೆಯ ತತ್ವಪದ, ಭಜನೆ ಸಿಡಿಗಳ ಹಾಡುಗಳ ಹೆಸರು ಇಂಟರ್ನೆಟ್ಟಿನಿಂದ ತಾನಾಗಿ ಬರದಿದ್ದರೆ ಕನ್ನಡದಲ್ಲೇ ಟೈಪ್ ಮಾಡಿ. ‘ಟ್ರ್ಯಾಕ್ 1’ ಅಂತ ಬಿಟ್ಟರೆ ಮುಂದೆ ಹುಡುಕೋದು ಹೇಗೆ, ಅಲ್ವಾ?

ಎಂಪಿ3 ಹಾಡುಗಳಿರುವ ಸಿಡಿಗಳನ್ನು ಮಾತ್ರ ಸುಮ್ನೆ ಕಾಪಿ ಮಾಡಿದರೂ ನಡೆಯುತ್ತದೆ. ಬಹುಶಃ ಗೊಂದಲ ಹುಟ್ಟಿದ್ದು ಅಲ್ಲಿಂದಲೇ.

ಆ ಮೆಸೇಜು ನಿಮಗೂ ಬಂದಿದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.