ಬನ ಅಂದರೆ ಮರ

ನಿನ್ನೆ ನಮ್ಮ ಕುಟುಂಬದ ನಾಗಬನಕ್ಕೆ, ಅಂದರೆ ಮರಗಳ ನಡುವೆ ನಾಗನ ಕಲ್ಲು ಇಟ್ಟು ಪೂಜಿಸುವ ಜಾಗಕ್ಕೆ, ಹೋಗಿದ್ದೆ. ಬಂದ ಮೇಲೆ ಯಾರ ಹತ್ತಿರವೂ ಸರಿಯಾಗಿ ಮಾತಾಡಿಲ್ಲ. ರಾತ್ರಿ ಊಟವೂ ಸೇರಲಿಲ್ಲ. ಇಲ್ಲಿ ಬರೆಯದಿದ್ದರೆ ಒಳಗೇ ಕುದಿಯುತ್ತಾ ಇರುತ್ತದೆ. ಉದ್ದ ಆಗುತ್ತದೆ, ಓದಿ.

ರೆಂಜೆ (ಬಕುಳ) ಮರ ಇಲ್ಲ. ಕಡಿದು ಹಾಕಿದ್ದಾರೆ.

ನಮ್ಮ ಮನೆಗೆ ಬಂದವರಿಗೆಲ್ಲ ಆ ಮರ ಗೊತ್ತು. ಇಬ್ಬರು ಕೈ ಚಾಚಿ ನಿಂತರೂ ಅದರ ಸುತ್ತು ಮುಗಿಯುತ್ತಿರಲಿಲ್ಲ. ಬೇಸಿಗೆಯ ಬೆಳಗ್ಗೆ ಹೋದರೆ ನೆಲ ತುಂಬ ಹೂ. ಬಾಳೆನಾರಿಗೆ ಪೋಣಿಸಿ ಮುಡಿದುಕೊಂಡು ನಾವು ಹುಡುಗಿಯರು ಶಾಲೆಗೆ ಹೋಗುತ್ತಿದ್ದೆವು. ಒಣಗಿದರೂ ಪರಿಮಳ ಹೋಗದ ಹೂ ಅದು. ಅಮ್ಮ ಸೀರೆ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ನಿನ್ನೆ ಅಲ್ಲಿ ಮೊಣಕಾಲೆತ್ತರದ ಒಂದು ಬುಡ ಇತ್ತು. ಸುತ್ತ ಗರಗಸದ ಹುಡಿ. ಪಕ್ಕದಲ್ಲಿ ಜಲ್ಲಿ, ಸಿಮೆಂಟ್ ಚೀಲ, ಇಂಟರ್‌ಲಾಕ್ ಕಲ್ಲಿನ ರಾಶಿ. ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಬೇಕಂತೆ.

ನಾಲ್ಕು ದಿನದ ಹಿಂದೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂದಿತ್ತು. "ಬನದ ಜೀರ್ಣೋದ್ಧಾರ ಆರಂಭ" ಅಂತ ಬರೆದಿದ್ದರು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ನಾನೂ ಹಾಕಿದೆ. ಫೋಟೋವನ್ನು ದೊಡ್ಡದು ಮಾಡಿ ನೋಡಲಿಲ್ಲ. ನೋಡಿದ್ದರೆ ಅವತ್ತೇ ಹೊರಡುತ್ತಿದ್ದೆ. ಇದು ನನ್ನನ್ನು ಚುಚ್ಚುತ್ತಲೇ ಇದೆ.

ನನ್ನ ಪ್ರಶ್ನೆ ಒಂದೇ. ಮರ ಕಡಿದ ಮೇಲೆ ಅದು ಬನ ಹೇಗೆ ಆಗುತ್ತದೆ? ಬನ ಎಂಬ ಮಾತು ವನದಿಂದಲೇ ಬಂದದ್ದು. ತತ್ಸಮ ತದ್ಭವ ಪಾಠ ಮಾಡುವಾಗ ಮಕ್ಕಳಿಗೆ ನಾನು ಕೊಡುವ ಮೊದಲ ಉದಾಹರಣೆ ಇದು. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದೇನೆ. ವನ, ಬನ. ಕಲ್ಲು ಮಾತ್ರ ಇದ್ದರೆ ಅದಕ್ಕೆ ನಾಗನ ಕಟ್ಟೆ ಅನ್ನುತ್ತೇವೆ. ಹಿರಿಯರು ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟದ್ದು ಸುಮ್ನೆ ಅಲ್ಲ.

ಇದೆಲ್ಲ ಶುರುವಾದದ್ದು ಕಳೆದ ವರ್ಷದ ಅಷ್ಟಮಂಗಲ ಪ್ರಶ್ನೆಯಲ್ಲಿ, ಜ್ಯೋತಿಷಿಗಳನ್ನು ಕೂರಿಸಿ ದೇವರ ಇಚ್ಛೆ ಕೇಳುವಾಗ. ನಾನೂ ಅಲ್ಲಿ ಕೂತಿದ್ದೆ. ಬನ ಶುದ್ಧವಾಗಿರಬೇಕು ಎಂದು ಪ್ರಶ್ನೆಯಲ್ಲಿ ಕಂಡಿತು. ಅಷ್ಟೇ. ಮರ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಸಿಮೆಂಟ್ ಹಾಕಿ ಎಂದೂ ಹೇಳಲಿಲ್ಲ. ನಾನು ಕಿವಿಯಾರೆ ಕೇಳಿದ್ದೇನೆ. ಆ 'ಶುದ್ಧ' ಎಂಬ ಮಾತು ಬನದ ಕಮಿಟಿಯ ಎರಡು ಸಭೆ ದಾಟುವಷ್ಟರಲ್ಲಿ ಇಂಟರ್‌ಲಾಕ್ ಆಯಿತು, ಸ್ಟೀಲ್ ಬೇಲಿ ಆಯಿತು, ಶೀಟಿನ ಮಾಡು ಆಯಿತು. ತರಗೆಲೆ ಬೀಳುವುದು ಅಶುದ್ಧಿಯಾ? ನಾಗನಿಗೆ ಬೇಕಾದದ್ದೇ ತಂಪು, ತರಗೆಲೆ, ಹುತ್ತ, ಬೇರಿನ ಸಂದು. ನಾಗನ ಕಲ್ಲಿಗೆ ತನು ಎರೆಯುವುದೂ ತಂಪಾಗಲಿ ಅಂತಲೇ ಅಲ್ವಾ? ನಾಗರಪಂಚಮಿ ದಿನ ಸೀಯಾಳದ ನೀರು ಎರೆದು, ಅಡಿಕೆ ಹೂವಿನ ಹಿಂಗಾರ ಇಟ್ಟು, ಅರಸಿನ ಹಚ್ಚಿ ಬರುತ್ತೇವೆ. ಉಳಿದ ದಿನಗಳಲ್ಲಿ ಮೇಲಿನಿಂದ ನೆರಳು ಕೊಟ್ಟದ್ದು ಆ ಮರ.

ನಮ್ಮ ಬನ ದೊಡ್ಡದೇನೂ ಅಲ್ಲ. ಅಜ್ಜನ ಕಾಲದಲ್ಲಿ 40 ಸೆಂಟ್ಸ್ ಇತ್ತಂತೆ. ಈಗ ಹೆಚ್ಚೆಂದರೆ 12. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡೆ, ಕೆಳಗೆ ಅಡಿಕೆ ತೋಟ, ಅದರ ಕೆಳಗೆ ಒಂದು ಕಾಲದಲ್ಲಿ ಬೈಲು ಗದ್ದೆ. ಆ ಹನ್ನೆರಡು ಸೆಂಟ್ಸಿನಲ್ಲಿ ಏನೆಲ್ಲ ಇತ್ತು ಗೊತ್ತಾ? ರೆಂಜೆ, ಪಾಲೆ, ಕಾಸರಕ, ಹೊನ್ನೆ, ರಾಮಪತ್ರೆ, ಬೈನೆ, ಎರಡು ಪುನರ್ಪುಳಿ, ಅಂಚಿನಲ್ಲಿ ಕುಂಟುನೇರಳೆ ಪೊದೆ. ಮರದಿಂದ ಮರಕ್ಕೆ ತೊಡೆ ಗಾತ್ರದ ಬಳ್ಳಿಗಳು. ಬೆಳಗ್ಗೆ ಮಂಗಟ್ಟೆ ಹಕ್ಕಿಗಳು ಕೂಗಿಕೊಂಡು ಬರುತ್ತಿದ್ದವು. ಅವು ತಿಂದು ಉಗುಳಿದ ರಾಮಪತ್ರೆ ಬೀಜ ನಮ್ಮ ತೋಟದ ಕಣಿಯಲ್ಲಿ ತಾನೇ ಮೊಳೆಯುತ್ತಿತ್ತು. ಸುತ್ತ ಎಲ್ಲ ಅಡಿಕೆ, ರಬ್ಬರ್, ಗೇರು ಆದ ಮೇಲೆ ಆ ಹಕ್ಕಿಗಳಿಗೆ ಉಳಿದಿದ್ದ ಜಾಗ ಇದೊಂದೇ.

ಇನ್ನು ನೀರು. ಇದನ್ನು ಎಷ್ಟು ಸಲ ಹೇಳಿದರೂ ನಮ್ಮವರ ಕಿವಿಗೆ ಹೋಗುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ. 12 ಹೊಳೆ ಇವೆ. ಆದರೂ ಮಾರ್ಚ್ ಮುಗಿಯುವಾಗ ಟ್ಯಾಂಕರ್ ಬರುತ್ತದೆ. ಬೀಳುವ ಮಳೆಯಲ್ಲಿ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ ಬಿದ್ದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಅದನ್ನು ತಡೆದು ನಿಲ್ಲಿಸುವುದಕ್ಕೇ ಹಿರಿಯರು ಗುಡ್ಡೆಯ ಮೇಲೆ ಮಳೆನೀರು ನಿಲ್ಲುವ ಮದಕ ಮಾಡಿದರು, ತೋಡಿಗೆ ಕಟ್ಟ ಕಟ್ಟಿದರು, ಮುರಕಲ್ಲು ಕೊರೆದು ಸುರಂಗ ತೆಗೆದರು. ನಮ್ಮ ಸುರಂಗದ ಬಾಯಿ ಇರುವುದು ಬನದ ಕೆಳಗೆ. ಒಬ್ಬರು ಬಗ್ಗಿ ಹೋಗುವಷ್ಟು ಅಗಲ. ಪಂಪ್ ಇಲ್ಲ, ಕರೆಂಟ್ ಇಲ್ಲ. ಗುಡ್ಡೆಯ ಹೊಟ್ಟೆಯಿಂದ ಜಿನುಗಿದ ನೀರು ಅಡಿಕೆ ಮರ ಸೀಳಿದ ದಂಬೆಯಲ್ಲಿ ಇಳಿದು ಕೆರೆಗೆ ಬೀಳುತ್ತದೆ. ನಾವು ಹುಟ್ಟಿದಾಗಿನಿಂದ ಕುಡಿದದ್ದು ಅದೇ ನೀರು.

ಆ ನೀರು ಗುಡ್ಡೆಯ ಹೊಟ್ಟೆಗೆ ಹೋಗುವುದು ಎಲ್ಲಿಂದ? ಬನದಲ್ಲಿ ನಡೆದರೆ ಕಾಲು ಮೆತ್ತಗೆ ಹೂತುಹೋಗುತ್ತಿತ್ತು. ತರಗೆಲೆ ಕೊಳೆತು ಕೊಳೆತು ಕಪ್ಪಗಾದ ಮಣ್ಣು. ಎಂಥ ಮಳೆ ಬಂದರೂ ಅಲ್ಲಿಂದ ಕೆಂಪು ನೀರು ಹೊರಗೆ ಬಂದದ್ದನ್ನು ನಾನು ನೋಡಿಲ್ಲ. ಮೇಲಿನ ರಬ್ಬರ್ ಗುಡ್ಡೆಯಿಂದ ಬರುತ್ತದೆ, ಪಕ್ಕದ ಹೊಸ ತೋಟದಿಂದ ಬರುತ್ತದೆ, ಬನದಿಂದ ಬರುತ್ತಿರಲಿಲ್ಲ. ಈಗ ಅದೇ ನೆಲಕ್ಕೆ ಜಲ್ಲಿ ಸುರಿದು, ಮಟ್ಟ ಮಾಡಿ, ಕಲ್ಲು ಜೋಡಿಸಿದರೆ ಈ ಜೂನಿನ ಮಳೆ ಎಲ್ಲಿ ಇಂಗಬೇಕು? ತೋಟದವರೇ ಕೂತು ತೀರ್ಮಾನ ಮಾಡಿದ್ದಾರಲ್ಲ, ನನಗೆ ಅದು ಇನ್ನೂ ಹೊಟ್ಟೆ ಉರಿಸುತ್ತದೆ. ಬೋರ್‌ವೆಲ್ ಇದೆಯಲ್ಲ ಎಂದರು ಒಬ್ಬರು. ಹೌದು, ಇದೆ. ಅವರದ್ದೇ ಎರಡನೆಯದು. ಮೊದಲನೆಯದು ಬತ್ತಿದ್ದಕ್ಕೆ ತಾನೇ ಎರಡನೆಯದು ಕೊರೆಸಿದ್ದು?

ಗದ್ದೆಯ ಕತೆ ಎಲ್ಲ ಊರಿನದೂ ಒಂದೇ. ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಬೈಲು ಈಗ ಅಡಿಕೆ ತೋಟ. ಗದ್ದೆ ಉಳಿಸಲು 2008ರಲ್ಲಿ ಕೇರಳದಲ್ಲಿ ಕಾನೂನು ಬಂತು. ಅಷ್ಟರಲ್ಲಿ ನಮ್ಮದರಲ್ಲಿ ಕಂಗು (ಅಡಿಕೆ ಮರ) ಫಸಲಿಗೆ ಬಂದಾಗಿತ್ತು. ಗುಡ್ಡೆಯೂ ಹಾಗೆಯೇ ಹೋಯಿತು. 1956ರ ನವೆಂಬರ್ 1ರ ಮೊದಲು ನಾವು ದಕ್ಷಿಣ ಕನ್ನಡಕ್ಕೆ ಸೇರಿದವರಲ್ವಾ, ಅಲ್ಲಿನ ಕುಮ್ಕಿ ಪದ್ಧತಿ ಇಲ್ಲೂ ಇತ್ತು. ಪಟ್ಟಾ ಜಾಗದ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ಗುಡ್ಡೆಯಿಂದ ಸೊಪ್ಪು, ಸೌದೆ ತರಬಹುದು. ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ. ಹಟ್ಟಿಯಲ್ಲಿ ದನ ಇಲ್ಲವಾದ ಮೇಲೆ ಸೊಪ್ಪಿನ ಗುಡ್ಡೆ ಯಾರಿಗೂ ಬೇಡವಾಯಿತು. ಹೋಗಲಿ. ಗದ್ದೆ ಹೋದಾಗ, ಗುಡ್ಡೆ ಹೋದಾಗ ನಾನು ಇಷ್ಟು ಕೂಗಾಡಿರಲಿಲ್ಲ. ಅಡಿಕೆಯ ದುಡ್ಡಿನಲ್ಲೇ ನಮ್ಮ ಮನೆಯೂ ನಡೆದದ್ದು. ಆದರೆ ಬನವನ್ನು ಮುಟ್ಟುವುದಿಲ್ಲ ಎಂದು ನಂಬಿದ್ದೆ. ನಾಗನ ಭಯ ಇದೆ, ಅದೊಂದು ಉಳಿಯುತ್ತದೆ ಎಂದುಕೊಂಡಿದ್ದೆ. ಒಂದು ಕಡ್ಡಿ ಮುರಿಯಲು ಹೆದರುತ್ತಿದ್ದ ಮನೆ ನಮ್ಮದು. ಈಗ ನಾಗನ ಹೆಸರಿನಲ್ಲೇ ಕಡಿದರು. ಪ್ರಾಯಶ್ಚಿತ್ತದ ಕಾಣಿಕೆ ಮೊದಲೇ ತೆಗೆದಿಟ್ಟು, ಆಮೇಲೆ ಗರಗಸ ತಂದರಂತೆ.

ನಿನ್ನೆ ದೊಡ್ಡಪ್ಪನ ಮಗನ ಹತ್ತಿರ ಜಗಳವೇ ಆಯಿತು. ಅವನ ಮಾತನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ವಯಸ್ಸಾದವರು ತಂಬಿಲದ (ನಾಗನ ಪೂಜೆಯ) ದಿನ ಪಾಚಿಯಲ್ಲಿ ಜಾರಿ ಬೀಳುತ್ತಾರೆ ಎಂದ. ನಿಜ, ಎರಡು ವರ್ಷದ ಹಿಂದೆ ಅತ್ತೆ ಬಿದ್ದಿದ್ದರು. ಕೊಂಬೆ ಮುರಿದು ಕಂಗಿನ ಮೇಲೆ ಬೀಳುತ್ತದೆ ಎಂದ. ಬನದಲ್ಲಿ ಹಂದಿ ಅಡಗಿ ಕೂತು ರಾತ್ರಿ ತೋಟಕ್ಕೆ ಇಳಿಯುತ್ತದೆ ಎಂದ. ನೆರಳಿನಿಂದ ಅಂಚಿನ ಮರಗಳಿಗೆ ಕೊಳೆರೋಗ ಜಾಸ್ತಿ ಎಂದ. ಸರಿ. ಅತ್ತೆ ಬಿದ್ದದ್ದಕ್ಕೆ ನಡೆಯುವ ದಾರಿಗೆ ನಾಲ್ಕು ಮುರಕಲ್ಲಿನ ಮೆಟ್ಟಿಲು ಸಾಕು. ಇಡೀ ಬನಕ್ಕೆ ಕಲ್ಲು ಹಾಸಬೇಕಾ? ಹಂದಿ ರಬ್ಬರ್ ಗುಡ್ಡೆಯಿಂದಲೂ ಬರುತ್ತದೆ, ರಬ್ಬರ್ ಯಾಕೆ ಕಡಿಯುವುದಿಲ್ಲ? ಕೊಳೆರೋಗ ಬನವೇ ಇಲ್ಲದ ತೋಟಗಳನ್ನು ಬಿಟ್ಟಿದೆಯಾ? ಎಲ್ಲರೂ ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಬಿಡುತ್ತಾರೆ. ಅಂಚಿನ ಇಪ್ಪತ್ತು ಕಂಗಿಗಾಗಿ ಒಂದು ಬನ ಹೋಗಬೇಕಾ? ಇದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ. "ನೀನು ಪೇಟೆಯಲ್ಲಿ ಮನೆ ಮಾಡಿ ಕೂತವಳು" ಅಂದ.

ಅದು ನನಗೆ ನಾಟಿತು. ಆದರೆ ನಾಟಿದ್ದು ಅವನು ಅಂದುಕೊಂಡ ಕಾರಣಕ್ಕಲ್ಲ.

ಇದನ್ನು ಈವರೆಗೆ ಇಲ್ಲಿ ಬರೆದಿಲ್ಲ. ಬನದ ತೆಂಕು ಬದಿಯಲ್ಲಿ ಒಂದು ಹೆಬ್ಬಲಸು ಇತ್ತು. ನಾನು ಬಿ.ಎಡ್.ಗೆ ಸೇರಿದ ವರ್ಷ ಅಪ್ಪ ಅದನ್ನು ಮರದ ವ್ಯಾಪಾರಿಗೆ ಮಾರಿದರು. ಅದು ಬನದ ಗಡಿಯಿಂದ ಹೊರಗಿದೆ, ನಮ್ಮ ಪಟ್ಟಾ ಜಾಗದಲ್ಲಿದೆ ಎಂದು ಎಲ್ಲರಿಗೂ ಹೇಳಿದರು. ಹೊರಗಿರಲಿಲ್ಲ. ನನಗೆ ಗೊತ್ತಿತ್ತು. ಆ ದುಡ್ಡಿನಲ್ಲಿ ನಾನು ಟೀಚರ್ ಆದೆ. ಅಪ್ಪ ಹೋಗುವ ವರ್ಷ ಕೂಡ ಆ ಬದಿಯಿಂದ ನಡೆಯುತ್ತಿರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಹಾಗಾಗಿ ಬನದ ವಿಷಯದಲ್ಲಿ ನನ್ನ ಕೈ ಶುದ್ಧ ಎಂದು ಹೇಳುವುದಿಲ್ಲ. ಅದಕ್ಕೇ ಈಗ ಸುಮ್ಮನಿರಲು ಆಗುವುದಿಲ್ಲ.

ಇನ್ನೊಂದು ತಪ್ಪೂ ನನ್ನದೇ. ಕಾವು (ಮಲಯಾಳದಲ್ಲಿ ದೇವರಕಾಡಿಗೆ ಹೀಗೆನ್ನುತ್ತಾರೆ), ಬನಗಳನ್ನು ಉಳಿಸಿಕೊಳ್ಳಲು ಸಹಾಯಧನ ಕೊಡುವ ಯೋಜನೆ ಕೇರಳದ ಅರಣ್ಯ ಇಲಾಖೆಯಲ್ಲಿ ಇದೆ. ಪೇಪರಿನಲ್ಲಿ ಮಲಯಾಳದಲ್ಲಿ ಪ್ರಕಟಣೆ ಓದಿದ ನೆನಪು ನನಗೆ. ನಮ್ಮದು ಮನೆಯಲ್ಲಿ ಕನ್ನಡ, ಬೈಲಿನಲ್ಲಿ ತುಳು, ಕಚೇರಿಯಲ್ಲಿ ಮಲಯಾಳ. ಕಮಿಟಿಯ ಹಿರಿಯರಿಗೆ ಮಲಯಾಳ ಓದಲು ಬರುವುದಿಲ್ಲ. ನನಗೆ ಬರುತ್ತದೆ. ಓದಿ ಹೇಳಬೇಕಿತ್ತು. ಶಾಲೆ, ಪರೀಕ್ಷೆ, ಮಗಳ ಅಡ್ಮಿಷನ್ ಎಂದು ಬಿಟ್ಟೆ. ಹೇಳಿದ್ದರೆ ಬನಕ್ಕೆ ದುಡ್ಡು ಬರುವುದು ಮರ ಇದ್ದರೆ ಎಂದಾದರೂ ಅವರಿಗೆ ಗೊತ್ತಾಗುತ್ತಿತ್ತು.

ನಮ್ಮ ಜಿಲ್ಲೆಯಲ್ಲೇ ತೆಂಕಣ ಭಾಗದವರು ಹೇಗೆ ಉಳಿಸಿಕೊಂಡಿದ್ದಾರೆ ನೋಡಿ. ತೃಕ್ಕರಿಪುರ ಕಡೆಯ ಇಡಯಿಲೆಕ್ಕಾಡು ಕಾವಿಗೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹಿನ್ನೀರಿನ ನಡುವೆ ಹದಿನಾರು ಎಕರೆಯಷ್ಟು ಕಾಡು. ಓಣಂ ಸಮಯದಲ್ಲಿ ಅಲ್ಲಿನ ಮಂಗಗಳಿಗೆ ಎಲೆ ಹಾಕಿ ಊಟ ಬಡಿಸುತ್ತಾರೆ. ಅಲ್ಲೂ ನಾಗ ಇದ್ದಾನೆ, ಅಲ್ಲೂ ಭಕ್ತರು ಬರುತ್ತಾರೆ. ಮರದ ಕೆಳಗೇ ಕೈಮುಗಿದು ಹೋಗುತ್ತಾರೆ. ಮತ್ತೆ, 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಆದ ಮರ, ಹೂ, ಹಕ್ಕಿ ಎಂದೆಲ್ಲ ಘೋಷಿಸಿಕೊಂಡಿತು. ಜಿಲ್ಲೆಯ ಮರ ಯಾವುದು ಗೊತ್ತಾ? ಕಾಂಞಿರ. ಅಂದರೆ ನಮ್ಮ ಕಾಸರಕ. ಕಾಸರಗೋಡು ಎಂಬ ಹೆಸರೇ ಅದರಿಂದ ಬಂತು ಎಂದು ಹೇಳುವವರಿದ್ದಾರೆ. ನಮ್ಮ ಬನದ ಕಾಸರಕಕ್ಕೂ ಕಮಿಟಿಯವರು ಕೆಂಪು ಪೈಂಟಿನಲ್ಲಿ ಗುರುತು ಹಾಕಿದ್ದಾರೆ.

ಸಿಟ್ಟು ಇಳಿಯದೇ ಇರುವುದಕ್ಕೆ ಇನ್ನೂ ಒಂದು ಕಾರಣ ಇದೆ. ನಾವು ಎಣ್ಮಕಜೆ ಕಡೆಯವರು. ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು. 2000ದಲ್ಲಿ ಅದು ನಿಲ್ಲುವಷ್ಟರಲ್ಲಿ ಏನೇನು ಆಗಿತ್ತು ಎಂದು ನಿಮಗೆ ಹೇಳಬೇಕಾಗಿಲ್ಲ. ನನ್ನ ಕ್ಲಾಸಿನಲ್ಲೇ ಆ ವಿಷ ತಾಗಿದ ಮನೆಗಳ ಮಕ್ಕಳಿದ್ದರು. ಹೆಲಿಕಾಪ್ಟರ್ ಬರುತ್ತದೆ ಎಂದಾಗ ಅಮ್ಮ ಕೆರೆಗೆ ತೆಂಗಿನ ಮಡಲು ಮುಚ್ಚಲು ಓಡುತ್ತಿದ್ದರು. ಸುರಂಗದ ನೀರನ್ನು ಮಾತ್ರ ಧೈರ್ಯದಿಂದ ಕುಡಿಸುತ್ತಿದ್ದರು, ಅದು ಗುಡ್ಡೆಯ ಒಳಗಿನದ್ದು ಎಂದು. ಅಷ್ಟೆಲ್ಲ ನೋಡಿದ ಊರಿಗೆ ನೀರು ಏನು, ಮರ ಏನು ಎಂದು ಬೇರೆಯವರು ಬಂದು ಕಲಿಸಬೇಕಾ? ಅವತ್ತು ಸುರಿದವರು ಹೊರಗಿನವರು. ರೆಂಜೆಗೆ ಗರಗಸ ಇಟ್ಟವರು ನಾವೇ. ನನ್ನ ಅಣ್ಣ, ನನ್ನ ಚಿಕ್ಕಪ್ಪ, ಕೈಮುಗಿಯುವ ಚಿತ್ರ ಹಾಕಿದ ನಾನು.

ಈಗ ವಿಷಯಕ್ಕೆ ಬರುತ್ತೇನೆ. ಗುರುತು ಹಾಕಿದ ಮರ ಇನ್ನೂ ನಾಲ್ಕು ಇವೆ. ಕಾಸರಕ, ಹೊನ್ನೆ, ರಾಮಪತ್ರೆ, ಪಾಲೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ತರವಾಡು ಮನೆಯಲ್ಲಿ (ಕುಟುಂಬದ ಮೂಲಮನೆ) ಸಭೆ ಇದೆ. ಕುಟುಂಬದವರು ಯಾರೆಲ್ಲ ಇದನ್ನು ಓದುತ್ತೀರೋ, ಮಂಗಳೂರಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಬನ್ನಿ. ಬರಲಾಗದವರು ಫೋನ್ ಮಾಡಿ ಹೇಳಿ. ಕಮಿಟಿಗೆ ನಾನು ಕೊಡುತ್ತೇನೆ ಎಂದಿದ್ದ ಹತ್ತು ಸಾವಿರವನ್ನು ಕೊಡುತ್ತೇನೆ, ಮೆಟ್ಟಿಲಿಗೆ ಮತ್ತು ಸುತ್ತ ಕಲ್ಲಿನ ಕಟ್ಟಕ್ಕೆ. ಇಂಟರ್‌ಲಾಕ್‌ಗೆ ಒಂದು ರೂಪಾಯಿ ಇಲ್ಲ.

ಪಾಲೆ ಮರದ ವಿಷಯ ಒಂದು ಹೇಳಿಬಿಡುತ್ತೇನೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ನಮ್ಮ ಬೈಲಿನ ಏಳೆಂಟು ಮನೆಯವರು ಕಷಾಯದ ಕೆತ್ತೆಗೆ (ತೊಗಟೆಗೆ) ಬರುವುದು ಇದೇ ಮರಕ್ಕೆ. ಕತ್ತಲಲ್ಲಿ ಬೇರೆ ಕಡೆ ಹೋಗಿ ಪಾಲೆ ಎಂದುಕೊಂಡು ಕಾಸರಕದ ಕೆತ್ತೆ ತಂದರೆ ಜೀವಕ್ಕೇ ಅಪಾಯ. ಈ ಮರ ಎಲ್ಲರಿಗೂ ಗುರುತು. ಅಜ್ಜಿ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ, ಕಾಂಡದ ಮೇಲೆ ಅಂಗೈ ಇಡಿಸಿ ತೋರಿಸಿಕೊಟ್ಟಿದ್ದರು. ನಾನು ಮಗಳಿಗೆ ತೋರಿಸಿದ್ದೇನೆ. ಆ ಮರಕ್ಕೆ ಕಬ್ಬಿಣ ತಾಗಿಸಬಾರದು ಎಂದು ಕತ್ತಿ ಒಯ್ಯುವುದಿಲ್ಲ, ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುತ್ತೇವೆ. ನಿನ್ನೆ ನೋಡಿದಾಗ ಹೋದ ವರ್ಷ ಜಜ್ಜಿದ ಗಾಯ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಅದರ ಒಂದು ಗೇಣು ಮೇಲೆ ಕೆಂಪು ಗುರುತು ಹಾಕಿದ್ದಾರೆ.